ಹದಿನೈದು ವರ್ಷ ತುಂಬಿದ ಗಾಡಿಯ ಆರ್‌ಸಿ: ಫೀಸಿನ ಲೆಕ್ಕ, ಎಫ್‌ಸಿಯ ಕೆಲಸ

ಮನೆಯವರದು, ನೆಂಟರದು ಎಂದು ಹಳೆ ಗಾಡಿಗಳ ಆರ್‌ಸಿ (ನೋಂದಣಿ ಪತ್ರ) ನವೀಕರಣವೆಲ್ಲ ನನ್ನ ಪಾಲಿಗೇ ಬರುವುದರಿಂದ ಫೀಸಿನ ಲೆಕ್ಕ ಬಾಯಿಪಾಠವಾಗಿದೆ. 2022ರ ಏಪ್ರಿಲ್ 1ಕ್ಕೆ ಮುಂಚೆ ಬೈಕಿಗೆ 300, ಕಾರಿಗೆ 600 ರೂಪಾಯಿ ಇತ್ತು. ಅಂದಿನಿಂದ 1,000 ಮತ್ತು 5,000 ಆಯಿತು. 2025ರ ಆಗಸ್ಟ್‌ನಲ್ಲಿ ಇಪ್ಪತ್ತು ವರ್ಷ ದಾಟಿದ ಗಾಡಿಗಳಿಗೆ ಅದನ್ನೂ ದುಪ್ಪಟ್ಟು ಮಾಡಿದರು: ಬೈಕಿಗೆ 2,000, ಕಾರಿಗೆ 10,000. ನವೀಕರಣ ಸಿಗುವುದು ಒಂದು ಸಲಕ್ಕೆ ಐದೇ ವರ್ಷ. ಅಂದರೆ ಹದಿನೈದು ತುಂಬಿದಾಗ ಐದು ಸಾವಿರ ಕಟ್ಟಿದ ಕಾರಿಗೇ ಮುಂದಿನ ಸಲ ಹತ್ತು ಸಾವಿರ. ಜೊತೆಗೆ ಕರ್ನಾಟಕದ ಹಸಿರು ತೆರಿಗೆ ಬೈಕಿಗೆ 250, ಕಾರಿಗೆ 500; ಸ್ಮಾರ್ಟ್ ಕಾರ್ಡಿಗೆ 200.

ಇಷ್ಟಾದರೆ ಹೇಗೋ ಹೊಂದಿಸಬಹುದು. ಜೇಬು ಸುಡುವುದು ತಡದ ದಂಡ. ಆರ್‌ಸಿ ಅವಧಿ ಮುಗಿದ ಮೇಲೆ ಬೈಕಿಗೆ ತಿಂಗಳಿಗೆ 300, ಕಾರಿಗೆ 500. ತಿಂಗಳಲ್ಲಿ ನಾಲ್ಕೇ ದಿನ ಕಳೆದಿದ್ದರೂ ಪೂರ್ತಿ ತಿಂಗಳ ಲೆಕ್ಕ. ಎರಡು ವರ್ಷ ಮರೆತ ಸ್ಕೂಟರಿಗೆ ದಂಡವೇ 7,200, ಅದರ ಮೇಲೆ ಮೂಲ ಫೀಸು. ಶೆಡ್ಡಿನಲ್ಲಿ ಸುಮ್ಮನೆ ನಿಂತಿತ್ತು ಎಂದರೆ ದಂಡ ನಿಲ್ಲುವುದಿಲ್ಲ. ಗಾಡಿ ಎಷ್ಟು ಓಡಿದೆ, ಎಷ್ಟು ಹೊಗೆ ಬಿಡುತ್ತದೆ ಎಂಬುದನ್ನು ನೋಡದೆ ವಯಸ್ಸೊಂದನ್ನೇ ಹಿಡಿದು ಫೀಸು ಹಾಕುವುದು ನನಗಂತೂ ಒಪ್ಪಿಗೆಯಿಲ್ಲ. ಆದರೆ ಕಟ್ಟಬೇಕಾದ್ದು ಕಟ್ಟಲೇಬೇಕು.

ಅವಧಿ ಮುಗಿಯುವ ಅರವತ್ತು ದಿನ ಮುಂಚಿನಿಂದ ಅರ್ಜಿ ಹಾಕಬಹುದು. ಆ ಹೊತ್ತಿಗೆ ಕಾಗದಪತ್ರ ಸಿದ್ಧವಿರಲಿ. ಪರಿವಾಹನ್ ಪೋರ್ಟಲ್‌ನಲ್ಲಿ ಗಾಡಿ ನಂಬರು, ಚಾಸಿ ನಂಬರಿನ (ಗಾಡಿಯ ಚೌಕಟ್ಟಿನ ಮೇಲೆ ಕೊರೆದಿರುವ ನಂಬರು) ಕೊನೆಯ ಐದು ಅಂಕಿ ಹಾಕಿದರೆ ದಾಖಲೆ ತೆರೆಯುತ್ತದೆ. ಹಳೆ ಗಾಡಿಗಳ ಕೆಲಸ ಸಾಮಾನ್ಯವಾಗಿ ಇಲ್ಲೇ ನಿಲ್ಲುತ್ತದೆ: ದಾಖಲೆಯಲ್ಲಿ ಮೊಬೈಲ್ ನಂಬರು ಇರುವುದಿಲ್ಲ ಅಥವಾ ಎಂದೋ ಬಿಟ್ಟ ಸಿಮ್ಮಿನದಿರುತ್ತದೆ, ಒಟಿಪಿ ಬರುವುದಿಲ್ಲ. ಮೊದಲು ಅದನ್ನು ಸರಿಪಡಿಸಿಕೊಳ್ಳಿ. ಎರಡನೆಯ ತೊಡಕು ಸಾಲದ್ದು. ಕಂತು ತೀರಿ ಎಷ್ಟೋ ವರ್ಷವಾಗಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಉಳಿದಿರುತ್ತದೆ. ಬ್ಯಾಂಕಿನಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ) ಮತ್ತು ಸಹಿ, ಸೀಲು ಬಿದ್ದ ಫಾರಂ 35 ತಂದು ತೆಗೆಸಬೇಕು. ಮಾಲೀಕರು ತೀರಿಕೊಂಡಿದ್ದರೆ ಫಾರಂ 31ರಲ್ಲಿ ವಾರಸುದಾರರ ಹೆಸರಿಗೆ ವರ್ಗಾವಣೆ ಆಗಬೇಕು. ಬಾಕಿ ಟ್ರಾಫಿಕ್ ದಂಡವನ್ನೂ ತೀರಿಸಿಬಿಡಿ.

ನವೀಕರಣದ ಅರ್ಜಿ ಫಾರಂ 25. ಜೊತೆಗೆ ಮೂಲ ಆರ್‌ಸಿ, ಚಾಲ್ತಿಯಲ್ಲಿರುವ ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟು, ವಿಳಾಸದ ದಾಖಲೆ, ಪ್ಯಾನ್ ಕಾರ್ಡ್, ಫೀಸಿನ ರಸೀದಿ, ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್.

ಈ ಪ್ರಿಂಟನ್ನು ಆರ್‌ಟಿಒ ಅಂಗಳದಲ್ಲಿ ನಿಂತು ತೆಗೆಯುವುದಕ್ಕಿಂತ ಮನೆಯಲ್ಲೇ ತೆಗೆದುಕೊಂಡು ಹೋಗುವುದು ಮೇಲು. ನಂಬರಿನ ಮೇಲಿನ ಗ್ರೀಸು, ಮಣ್ಣನ್ನು ಸೀಮೆಎಣ್ಣೆ ಅದ್ದಿದ ಹಳೆ ಟೂತ್ ಬ್ರಷ್ಷಿನಿಂದ ತೆಗೆದು ಬಟ್ಟೆಯಲ್ಲಿ ಒಣಗಿಸಿ. ತಂತಿ ಬ್ರಷ್ಷು, ಉಜ್ಜುಕಾಗದ ಬೇಡ. ತುಕ್ಕಿನ ಜೊತೆ ಅಂಕಿಯ ಅಂಚೂ ಸವೆದುಹೋಗುತ್ತದೆ, ನಂಬರು ತಿದ್ದಿದ್ದಾರೆಂಬ ಅನುಮಾನಕ್ಕೂ ದಾರಿಯಾಗುತ್ತದೆ. ತೆಳು ಕಾಗದವನ್ನು ಸೆಲೋ ಟೇಪಿನಿಂದ ಬಿಗಿಯಾಗಿ ಅಂಟಿಸಿ, ಮೆತ್ತನೆ ಪೆನ್ಸಿಲನ್ನು ಅಡ್ಡಲಾಗಿ ಹಿಡಿದು ಒಂದೇ ದಿಕ್ಕಿಗೆ ಉಜ್ಜಿದರೆ ಅಂಕಿಗಳು ಬಿಳಿಯಾಗಿ ಮೂಡುತ್ತವೆ. ಎರಡು ಮೂರು ಪ್ರತಿ ತೆಗೆದಿಡಿ. ಒಂದೊಂದು ಅಕ್ಷರವನ್ನೂ ಆರ್‌ಸಿಯೊಂದಿಗೆ ತಾಳೆ ನೋಡಿ. 8 ಇರುವಲ್ಲಿ ಬಿ, 0 ಇರುವಲ್ಲಿ ಓ ಎಂದು ಹಳೆ ದಾಖಲೆಗಳಲ್ಲಿ ನಮೂದಾಗಿರುವುದುಂಟು. ಅದನ್ನು ತಪಾಸಣೆಗೆ ಆರ್‌ಟಿಒಗೆ ಗಾಡಿ ಒಯ್ಯುವ ಮುಂಚೆಯೇ ಅರ್ಜಿ ಕೊಟ್ಟು ತಿದ್ದಿಸಬೇಕು.

ಎಫ್‌ಸಿಗೆ, ಅಂದರೆ ಗಾಡಿ ಓಡಲು ಯೋಗ್ಯ ಎಂಬ ಪ್ರಮಾಣಕ್ಕೆ, ಬ್ರೇಕ್ ಇನ್‌ಸ್ಪೆಕ್ಟರ್ (ಆರ್‌ಟಿಒದ ಗಾಡಿ ತಪಾಸಣೆ ಅಧಿಕಾರಿ) ನೋಡುವುದು ಗುಟ್ಟಿನ ಸಂಗತಿಗಳನ್ನೇನಲ್ಲ. ಹೆಡ್‌ಲೈಟು, ಇಂಡಿಕೇಟರ್, ಬ್ರೇಕ್ ಲೈಟು, ಹಾರ್ನ್, ವೈಪರ್, ಹ್ಯಾಂಡ್‌ಬ್ರೇಕ್, ಟೈರು, ಎಚ್‌ಎಸ್‌ಆರ್‌ಪಿ (ಅತಿ ಸುರಕ್ಷಿತ) ನಂಬರ್ ಪ್ಲೇಟು. ಬಣ್ಣ ಆರ್‌ಸಿಯಲ್ಲಿದ್ದಂತೆಯೇ ಇರಬೇಕು. ಮುಂದೆ ಕಬ್ಬಿಣದ ಬುಲ್ ಬಾರ್, ಕಿವಿ ಕಿತ್ತುಹೋಗುವ ಸೈಲೆನ್ಸರ್ ಇದ್ದರೆ ಬಿಚ್ಚಿಟ್ಟು ಹೋಗಿ. ಗ್ಯಾಸ್ ಕಿಟ್ ಹಾಕಿಸಿ ಆರ್‌ಸಿಯಲ್ಲಿ ಬರೆಸದೆ ಇದ್ದರೆ ಗಾಡಿ ಎಷ್ಟೇ ಗಟ್ಟಿಯಿದ್ದರೂ ವಾಪಸ್ ಕಳಿಸುತ್ತಾರೆ.

ಫೀಸು, ದಂಡ, ಟೈರು, ಬ್ಯಾಟರಿ ಎಲ್ಲ ಕೂಡಿಸಿದ ಮೊತ್ತ ಗಾಡಿಯ ಮಾರಾಟದ ಬೆಲೆಯನ್ನು ಮೀರಿದರೆ ನೋಂದಾಯಿತ ಸ್ಕ್ರ್ಯಾಪ್ ಕೇಂದ್ರಕ್ಕೆ ಕೊಟ್ಟು, ಗಾಡಿ ಒಪ್ಪಿಸಿದ್ದಕ್ಕೆ ಪುರಾವೆಯಾದ ಡೆಪಾಸಿಟ್ ಸರ್ಟಿಫಿಕೇಟ್ ಪಡೆಯಿರಿ. ಅದನ್ನು ತೋರಿಸಿದರೆ ಹೊಸ ಗಾಡಿಯ ನೋಂದಣಿ ಶುಲ್ಕ ಮಾಫಿ. ಗುಜರಿಯವನಿಗೆ ಹಾಗೇ ತೂಕಕ್ಕೆ ಹಾಕಿದರೆ ನೋಂದಣಿ ರದ್ದಾಗುವುದಿಲ್ಲ, ದಾಖಲೆಯಲ್ಲಿ ಗಾಡಿ ನಿಮ್ಮ ಹೆಸರಲ್ಲೇ ಇರುತ್ತದೆ.