ಅಂತರಗಂಗೆಯನ್ನು ತೂಗಿ ನೋಡಿದ ಮೇಲೆ

ಬೆಂಗಳೂರಿನ ಹೊರವಲಯದ ನಮ್ಮ ಕೆರೆಯಲ್ಲಿ ಅಂತರಗಂಗೆ ತೆಗೆಸುವುದು, ಎರಡು ಮೂರು ತಿಂಗಳಲ್ಲಿ ಅದು ಮತ್ತೆ ನೀರನ್ನು ಮುಚ್ಚುವುದು, ಮತ್ತೆ ತೆಗೆಸುವುದು. ನಾಲ್ಕು ವರ್ಷ ಇದೇ ನಡೆಯಿತು. ಪಿಯು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುವ ನನಗೂ ಈ ಗಿಡ ನಮ್ಮ ನೀರಿನಲ್ಲಿ ಎಷ್ಟು ಬೇಗ ಬೆಳೆಯುತ್ತದೆ ಎಂದು ಸರಿಯಾಗಿ ಗೊತ್ತಿರಲಿಲ್ಲ. ಕಳೆದ ಬೇಸಿಗೆಯಲ್ಲಿ ತೂಗಿಯೇ ನೋಡೋಣ ಅಂತ ಹೊರಟೆ.

ಅಂತರಗಂಗೆ ಎಂಬ ಹೆಸರನ್ನು ಕೆಲವರು ಎಲೆಕೋಸಿನ ಹಾಗೆ ತೇಲುವ ಇನ್ನೊಂದು ಗಿಡಕ್ಕೂ ಹೇಳುತ್ತಾರೆ. ನಾನು ಹೇಳುತ್ತಿರುವುದು ತೊಟ್ಟು ಊದಿಕೊಂಡು ತಿಳಿ ನೇರಳೆ ಹೂ ಬಿಡುವ, ಅಮೆಜಾನ್ ಸೀಮೆಯಿಂದ ಬಂದ ಗಿಡದ ವಿಷಯ.

ಸಾಮಾನು ಹೆಚ್ಚೇನೂ ಬೇಕಾಗಲಿಲ್ಲ. ಪಿವಿಸಿ ಪೈಪಿನಿಂದ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ತೇಲುವ ಚೌಕಟ್ಟು, ಕುಡುಗೋಲು, ಈರುಳ್ಳಿ ತುಂಬುವ ಬಲೆಚೀಲ, ಹೊಂಗೆ ಕೊಂಬೆಗೆ ನೇತುಹಾಕಿದ ಕೊಕ್ಕೆ ತಕ್ಕಡಿ. ಮೀನು ಹಿಡಿಯುವ ಅಣ್ಣ ಒಬ್ಬರು ತೆಪ್ಪ ತಂದರು. "ಇದನ್ನ ತೂಗಿ ಏನ್ ಮಾಡ್ತೀರಾ ಅಕ್ಕಾ, ಯಾರು ಕೊಳ್ತಾರೆ?" ಅಂದರೂ ಮೊದಲ ಚೀಲವನ್ನು ಅವರೇ ಎತ್ತಿ ಕೊಟ್ಟರು. ನೀರಿನಿಂದ ಎತ್ತಿದ ತಕ್ಷಣ ತೂಗಿದರೆ ಬೇರಿನಲ್ಲಿ ನಿಂತ ನೀರೂ ಲೆಕ್ಕಕ್ಕೆ ಸೇರುತ್ತದೆ. ಹಾಗಾಗಿ ಚೀಲವನ್ನು ಹತ್ತು ನಿಮಿಷ ತೂಗುಹಾಕಿ, ತೊಟ್ಟಿಕ್ಕುವುದು ನಿಂತ ಮೇಲೆ ತೂಕ ಬರೆದುಕೊಳ್ಳುತ್ತಿದ್ದೆ. ದಟ್ಟವಾಗಿ ಹೆಣೆದುಕೊಂಡ ಜಾಗದಲ್ಲಿ ಒಂದು ಚದರ ಮೀಟರಿಗೆ 25 ಕೆಜಿ ಆಸುಪಾಸು ಬಂತು.

ಮೊದಲ ಸಲ ಒಂದು ತಪ್ಪು ಮಾಡಿದೆ. ತೂಗಿದ ಗಿಡಗಳನ್ನು ಅದೇ ಚೌಕಟ್ಟಿನಲ್ಲಿ ವಾಪಸ್ ಬಿಟ್ಟು ಮುಂದಿನ ವಾರ ತೂಗಿದರೆ ತೂಕ ಏರಿರಲೇ ಇಲ್ಲ. ಬೆಳವಣಿಗೆ ನಿಂತಿದೆ ಅಂದುಕೊಂಡೆ. ಬಗ್ಗಿ ನೋಡಿದಾಗ ಕಾರಣ ಕಂಡಿತು: ಮೇಲೆ ಹೊಸ ಎಲೆ ಬರುತ್ತಿದ್ದಷ್ಟೇ ವೇಗದಲ್ಲಿ ಕೆಳಗೆ ಹಳೆಯ ಎಲೆ ಕೊಳೆತು ಮುಳುಗುತ್ತಿತ್ತು. ಒತ್ತಾಗಿ ತುಂಬಿದ ಕಡೆ ಈ ಗಿಡಕ್ಕೆ ಹರಡಲು ಜಾಗವಿಲ್ಲ. ಅದು ನಿಜವಾಗಿ ಓಡುವುದು ಬಯಲು ನೀರು ಸಿಕ್ಕಾಗ.

ಎರಡನೇ ಸಲ ಬಿದಿರು ಮತ್ತು ಬಲೆಯಿಂದ ಎರಡು ಗೂಡು ಮಾಡಿ, ಒಂದನ್ನು ಕೊಳಚೆ ಹೊತ್ತು ತರುವ ರಾಜಕಾಲುವೆ ಕೆರೆಗೆ ಸೇರುವ ಬಾಯಲ್ಲಿ, ಇನ್ನೊಂದನ್ನು ಕೋಡಿಯ ಹತ್ತಿರ ಕಟ್ಟಿದೆ. ಎರಡರಲ್ಲೂ ಎರಡೆರಡು ಕೆಜಿ ಎಳೆಯ ಗಿಡ. ಎರಡು ವಾರಕ್ಕೆ ಕಾಲುವೆ ಬಾಯಿಯ ಗೂಡು ನಾಲ್ಕೂವರೆ ಕೆಜಿ ತೂಗಿತು, ಕೋಡಿಯದು ಮೂರು. ತೂಕಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರು. ಕಾಲುವೆ ಬಾಯಿಯ ಗಿಡದ ಎಲೆ ಕಡುಹಸಿರು, ಅಗಲ, ಬೇರು ಮಾತ್ರ ಗೇಣುದ್ದವೂ ಇಲ್ಲ. ಕೋಡಿ ಕಡೆಯ ಗಿಡ ಕುಳ್ಳು, ಎಲೆ ಮಾಸಲು, ಬೇರು ಮೊಳದ ಹತ್ತಿರ ಇಳಿಬಿದ್ದು ನವಿರಾದ ನೇರಳೆ ಕುಂಚದ ಹಾಗಿತ್ತು. ಕೊಳಚೆಯಲ್ಲಿ ಸಾರಜನಕ, ರಂಜಕ ಕೈಗೆಟುಕುವಲ್ಲೇ ಇರುವಾಗ ಗಿಡ ಬೇರಿಗೆ ಖರ್ಚು ಮಾಡದೆ ಎಲೆಗೇ ಸುರಿಯುತ್ತದೆ. ಈಗ ಯಾವ ಕೆರೆಗೆ ಹೋದರೂ ಮೊದಲು ಒಂದು ಗಿಡ ಎತ್ತಿ ಬೇರು ನೋಡುತ್ತೇನೆ.

ಕಾಲುವೆ ಬಾಯಿಯ ವೇಗಕ್ಕೆ ಸುಮಾರು 12 ದಿನಕ್ಕೆ ಗಿಡ ಇಮ್ಮಡಿ. ತೆಗೆಸಿದ ಮೇಲೆ ಮೂಲೆಯಲ್ಲಿ ಒಂದೇ ಒಂದು ಗುಂಟೆ ಉಳಿಯಿತು ಅನ್ನಿ. 12 ದಿನಕ್ಕೆ ಎರಡು ಗುಂಟೆ, 24ಕ್ಕೆ ನಾಲ್ಕು, ಎರಡು ತಿಂಗಳಿಗೆ 32. ಎಕರೆಗೆ ಇರುವುದೇ 40 ಗುಂಟೆ! ನಾಲ್ಕು ವರ್ಷ ನಾವು ಅರ್ಧಂಬರ್ಧ ತೆಗೆದು ಅದಕ್ಕೆ ಹರಡಲು ಜಾಗ ಮಾಡಿಕೊಡುತ್ತಿದ್ದೆವು.

ತೆಗೆದದ್ದನ್ನು ಏನು ಮಾಡುತ್ತಿದ್ದೆವು ಎಂಬುದು ಇನ್ನೂ ನೋವಿನ ಸಂಗತಿ. ಐದು ಕೆಜಿ ಹಸಿ ಗಿಡವನ್ನು ಕತ್ತರಿಸಿ ತಾರಸಿಯ ಮೇಲೆ ಗರಿಗರಿಯಾಗುವವರೆಗೆ ಒಣಗಿಸಿದೆ. ಉಳಿದದ್ದು 310 ಗ್ರಾಂ, ಮಿಕ್ಕಿದ್ದೆಲ್ಲ ನೀರು. ಚದರ ಮೀಟರಿಗೆ 25 ಕೆಜಿಯ ಲೆಕ್ಕದಲ್ಲಿ ಎಕರೆಗೆ ನೂರು ಟನ್ ಹಸಿ ತೂಕವೆಂದರೆ ಒಣಗಿದ ಮೇಲೆ ಸುಮಾರು ಆರು ಟನ್. ಒಣ ತೂಕದಲ್ಲಿ ಸಾರಜನಕ ನೂರಕ್ಕೆ ಎರಡು ಭಾಗ ಅಂತ ಹಿಡಿದರೂ 120 ಕೆಜಿ, ಅಂದರೆ 45 ಕೆಜಿಯ ಯೂರಿಯಾ ಚೀಲ ಹತ್ತಿರಹತ್ತಿರ ಆರು. ಗುತ್ತಿಗೆಯವರು ಪ್ರತಿ ಸಲ ಏರಿಯ ಒಳಮಗ್ಗುಲಲ್ಲೇ ರಾಶಿ ಹಾಕಿ ಹೋಗುತ್ತಿದ್ದರು. ಮಳೆ ಬಿದ್ದ ದಿನ ಆ ರಾಶಿಯಿಂದ ಕಪ್ಪು ರಸ ಹರಿದು ಕೆರೆಗೇ ಇಳಿಯುವುದನ್ನು ನಾನೇ ನಿಂತು ನೋಡಿದ್ದೇನೆ.

ಈ ವರ್ಷ ಕ್ರಮ ಬದಲಿಸಿದೆವು. ಕಾಲುವೆ ಬಾಯಿಗೆ ಅಡ್ಡವಾಗಿ ಬಿದಿರಿನ ತೇಲುತಡೆ ಕಟ್ಟಿ, ಅದರೊಳಗೆ ಬೆಳೆದದ್ದನ್ನು ಪ್ರತಿ ವಾರ ಎಳೆಯುತ್ತೇವೆ. ಎಳೆದದ್ದನ್ನು ಏರಿಯ ಆಚೆ ತೆಳುವಾಗಿ ಹರಡಿ, ಬಾಡಿಸಿ ತೂಕ ಇಳಿಸಿದ ಮೇಲೆಯೇ ಗಾಡಿಗೆ ತುಂಬುವುದು. ಸಗಣಿ, ಒಣಎಲೆ ಸೇರಿಸಿ ಮಾಡಿದ ಗೊಬ್ಬರವನ್ನು ಸಾಲುಮರಗಳಿಗೆ ಮಾತ್ರ ಹಾಕುತ್ತೇವೆ. ಈ ಗಿಡ ಸೀಸ, ಕ್ಯಾಡ್ಮಿಯಂ ಹೀರಿಕೊಳ್ಳುವಂಥದ್ದು, ನಮ್ಮ ಕಾಲುವೆಯ ನೀರನ್ನು ನಂಬಿ ಸೊಪ್ಪಿನ ಮಡಿಗೆ ಹಾಕಲು ನನಗೆ ಧೈರ್ಯವಿಲ್ಲ.

ಈ ಗಿಡವನ್ನು ತಿನ್ನುವ ಜೀರುಂಡೆಯನ್ನು ತಂದು ಕೆರೆಗೆ ಬಿಡಿ ಎಂದು ಹಲವರು ಹೇಳಿದರು. ಆ ಜೀರುಂಡೆಯನ್ನು, ಅಂದರೆ ಮೂತಿಹುಳುವನ್ನು, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ 1980ರ ದಶಕದ ಆರಂಭದಲ್ಲೇ ತಂದು ಬಿಟ್ಟಿತ್ತು. ನಮ್ಮ ಕೆರೆಯ ಎಲೆಗಳ ಮೇಲೂ ಅದು ಕೆರೆದ ಚುಕ್ಕೆಗಳಿವೆ. ಆದರೆ ಕೊಳಚೆ ಉಂಡು ಬೆಳೆಯುವ ಗಿಡ ಹುಳು ತಿಂದದ್ದನ್ನು ಬೇಗ ತುಂಬಿಕೊಳ್ಳುತ್ತದೆ. ಕಾಲುವೆಗೆ ಕೊಳಚೆ ಬಿಡುವುದು ನಿಲ್ಲಬೇಕು, ಅದಕ್ಕಾಗಿ ಅರ್ಜಿ ಹಿಡಿದು ಓಡಾಡುತ್ತಲೇ ಇದ್ದೇವೆ.

ಏಪ್ರಿಲ್‌ನಲ್ಲಿ ನೀರು ಇಳಿದು ದಡದ ಕೆಸರು ಕಂಡಾಗ ಅದರಲ್ಲಿ ಹುಲ್ಲಿನ ಎಳೆಯಂಥ ಸಸಿಗಳು ಎದ್ದಿದ್ದವು. ಬೀಜದಿಂದ ಬಂದವು. ಕೆಸರಿನಲ್ಲಿ ಈ ಬೀಜ 15-20 ವರ್ಷ ಜೀವ ಹಿಡಿದಿರಬಲ್ಲದು. ಮಕ್ಕಳೂ ಸೇರಿ ಎರಡು ಬಕೆಟ್ ಕಿತ್ತೆವು. ಪೂರ್ವದ ದಡ ಇನ್ನೂ ಬಾಕಿ ಇದೆ, ಮಳೆ ಹಿಡಿಯುವುದರೊಳಗೆ ಮುಗಿಸಬೇಕು.