ಮಗಳಿಗೆ ವಿಶಿ ಎಂದು ಹೆಸರಿಟ್ಟೆವು

ನಮ್ಮ ಮಗಳ ಹೆಸರು ವಿಶಿ. ಜನನ ಪ್ರಮಾಣಪತ್ರದಲ್ಲಿ, ಆಧಾರ್‌ನಲ್ಲಿ, ಶಾಲೆಯ ಹಾಜರಿ ಪುಸ್ತಕದಲ್ಲಿ ಎಲ್ಲ ಕಡೆಯೂ ಅಷ್ಟೇ ಇದೆ. ವಿಶಾಖಾ ಅಲ್ಲ, ವಿಶಾಲಾಕ್ಷಿಯೂ ಅಲ್ಲ. ಬೆಂಗಳೂರಿನ ಹಳಬರಿಗೆ ಈ ಹೆಸರು ಕಿವಿಗೆ ಬಿದ್ದ ಕೂಡಲೇ ಒಬ್ಬರೇ ನೆನಪಾಗುತ್ತಾರೆ, ಕ್ರಿಕೆಟಿಗ ಗುಂಡಪ್ಪ ವಿಶ್ವನಾಥ್. ಅವರನ್ನು ಎಲ್ಲರೂ ಪ್ರೀತಿಯಿಂದ ಕರೆಯುವುದು ವಿಶಿ ಎಂದೇ. ಅವರ ಹೆಸರನ್ನೇ ಇಟ್ಟಿದ್ದೇವೆ. ಗಂಡಸರ ಕರೆಯುವ ಹೆಸರನ್ನು ಹೆಣ್ಣು ಮಗುವಿಗೆ ಇಡಬೇಕೆಂದು ಆಸೆಪಟ್ಟು, ಮನೆಯವರು ಏನೆನ್ನುತ್ತಾರೋ ಎಂದು ಹಿಂಜರಿಯುತ್ತಿರುವವರು ಕೆಲವರು ನನ್ನನ್ನು ಕೇಳಿದ್ದಾರೆ. ನಮ್ಮಲ್ಲಿ ನಡೆದದ್ದನ್ನು ಹೇಳುತ್ತೇನೆ.

ವಿಶಿ ನಮ್ಮ ಮನೆಗೆ ಬಂದದ್ದು ಅಪ್ಪನಿಂದ. 1974ರಲ್ಲಿ ಬೆಂಗಳೂರಿನಲ್ಲಿ ನಡೆದ ರಣಜಿ ಟ್ರೋಫಿ ಕ್ರಿಕೆಟ್ ಸೆಮಿಫೈನಲ್ ಅನ್ನು ಅವರು ಗ್ಯಾಲರಿಯಲ್ಲಿ ಕುಳಿತು ನೋಡಿದ್ದರು. ಸತತ ಹದಿನೈದು ಬಾರಿ ಗೆದ್ದಿದ್ದ ಮುಂಬೈ ತಂಡವನ್ನು ಕರ್ನಾಟಕ ಹೊರಗಟ್ಟಿದ ಪಂದ್ಯ ಅದು. ವಿಶ್ವನಾಥ್ 162 ರನ್ ಹೊಡೆದಿದ್ದರು. ಅಪ್ಪ ಆ ಇನಿಂಗ್ಸನ್ನು ಬಾಯಲ್ಲಿ ಹೇಳುತ್ತಿರಲಿಲ್ಲ, ಎದ್ದು ನಿಂತು ತೋರಿಸುತ್ತಿದ್ದರು. ಊಟದ ಮೇಜಿನ ಪಕ್ಕದಲ್ಲಿ ಬಲಗಾಲನ್ನು ಹಿಂದಕ್ಕಿಟ್ಟು, ಮೊಣಕಾಲು ಸ್ವಲ್ಪ ಮಡಚಿ, ಚೆಂಡು ದೇಹವನ್ನು ದಾಟಿ ಹೋಗುವವರೆಗೂ ಕಾದು, ಕೊನೆಯ ಗಳಿಗೆಯಲ್ಲಿ ಮಣಿಕಟ್ಟನ್ನು ಹೊರಳಿಸುತ್ತಿದ್ದರು. ಕೈಯಲ್ಲಿ ಬ್ಯಾಟ್ ಇರುತ್ತಿರಲಿಲ್ಲ, ಸಾರಿನ ಸೌಟು ಇರುತ್ತಿತ್ತು. ಸ್ಕ್ವೇರ್ ಕಟ್ ಎಂದರೇನೆಂದು ನಾನು ಕಲಿತದ್ದು ಹಾಗೆ, ಟಿವಿಯಲ್ಲಿ ನೋಡುವುದಕ್ಕಿಂತ ಎಷ್ಟೋ ಮೊದಲು.

ಆದರೆ ಅಪ್ಪ ಗಂಟಲು ಕಟ್ಟಿ ಹೇಳುತ್ತಿದ್ದದ್ದು ಬೇರೊಂದು ಪಂದ್ಯವನ್ನು. 1980ರ ಫೆಬ್ರುವರಿ, ಮುಂಬೈನ ವಾಂಖೆಡೆಯಲ್ಲಿ ಭಾರತದ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವದ ಟೆಸ್ಟ್, ವಿಶ್ವನಾಥ್ ನಾಯಕರು. ಇಂಗ್ಲೆಂಡ್ 58 ರನ್ನಿಗೆ ಐದು ವಿಕೆಟ್ ಕಳೆದುಕೊಂಡಿತ್ತು. ಬಾಬ್ ಟೇಲರ್ ವಿಕೆಟ್ ಹಿಂದೆ ಕ್ಯಾಚ್ ಕೊಟ್ಟರೆಂದು ಅಂಪೈರ್ ಬೆರಳೆತ್ತಿದರು. ಚೆಂಡು ಬ್ಯಾಟಿಗೆ ತಾಗಿಲ್ಲ ಎಂಬುದು ವಿಕೆಟ್ ಕೀಪರ್ ಪಕ್ಕದ ಸ್ಲಿಪ್‌ನಲ್ಲಿ ನಿಂತಿದ್ದ ವಿಶ್ವನಾಥರಿಗೆ ಗೊತ್ತಿತ್ತು. ಅಂಪೈರ್ ಬಳಿ ಹೋಗಿ ಹೇಳಿ ಟೇಲರ್‌ರನ್ನು ಮರಳಿ ಕರೆಸಿದರು. ಟೇಲರ್ ಮತ್ತು ಬಾಥಮ್ ಸೇರಿ 171 ರನ್ ಕೂಡಿಸಿದರು, ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ಅವರು ಭಾರತದ ನಾಯಕರಾಗಿದ್ದದ್ದೇ ಎರಡು ಟೆಸ್ಟ್‌ಗಳಿಗೆ. ಸೋಲಿನ ಲೆಕ್ಕ ಯಾರು ಹೇಗೆ ಹಾಕಿದರೂ, ಆ ಮನುಷ್ಯನ ಹೆಸರು ನನ್ನ ಮಗುವಿಗೆ ಇರಲಿ ಎಂದು ನನಗೆ ಅನ್ನಿಸಿದ್ದು ಆ ಒಂದು ಕೆಲಸಕ್ಕಾಗಿ.

ಬಸುರಿಯಾಗಿದ್ದಾಗ ಹೆಸರು ತಾನಾಗಿಯೇ ಕೂಡಿಬಂತು. ಹುಟ್ಟುವ ಮೊದಲು ಗಂಡೋ ಹೆಣ್ಣೋ ಎಂದು ಹೇಳುವುದನ್ನು 1994ರ ಕಾಯ್ದೆ ನಿಷೇಧಿಸಿದೆ, ಒಳ್ಳೆಯದೇ ಮಾಡಿದೆ. ಹಾಗಾಗಿ ಮಗುವನ್ನು ಏನಾದರೊಂದು ಹೆಸರಿನಿಂದ ಕರೆಯಬೇಕಲ್ಲ. ಹೊಟ್ಟೆಯಲ್ಲಿ ಒದೆತ ಶುರುವಾದಾಗ ಅಪ್ಪ ‘ವಿಶಿ ಎದ್ದ’ ಎಂದರು. ಅಲ್ಲಿಂದ ಅದು ವಿಶಿಯೇ. ಅತ್ತೆಯವರೂ ಹಾಗೆಯೇ ವಿಚಾರಿಸುತ್ತಿದ್ದರು, ‘ವಿಶಿ ಊಟ ಮಾಡಿತಾ?’ ಎಂದು. ಹೆಣ್ಣು ಮಗು ಹುಟ್ಟಿತು. ನನಗೂ ನನ್ನ ಗಂಡನಿಗೂ ಮನಸ್ಸು ತುಂಬಿ ಬಂತು. ಮರುದಿನವೇ ಎಲ್ಲರೂ ಹೊಸ ಹೆಸರು ಹುಡುಕಲು ಕುಳಿತರು. ಗಂಡು ಹುಟ್ಟಿದ್ದರೆ ಒಬ್ಬರೂ ಹುಡುಕುತ್ತಿರಲಿಲ್ಲ. ಆಗ ನನಗೆ ಹಟ ಬಂತು.

ಮನೆಯವರೆಲ್ಲ ಮುಂದಿಟ್ಟ ರಾಜಿ ಒಂದೇ. ಕಾಗದದಲ್ಲಿ ವಿಶಾಖಾ ಎಂದಿರಲಿ, ಮನೆಯಲ್ಲಿ ವಿಶಿ ಎಂದು ಕರೆದುಕೊಳ್ಳಿ. ಕೇಳಲು ಬುದ್ಧಿವಂತಿಕೆಯ ಮಾತು. ನಾನು ಒಪ್ಪಲಿಲ್ಲ. ವಿಶಾಖಾ ಎಂದು ಬರೆದ ಮರುಕ್ಷಣ ವಿಶಿ ಎಂಬುದು ವಿಶಾಖಾದ ತುಂಡಾಗುತ್ತದೆ, ವಿಶ್ವನಾಥ್ ಅದರಿಂದ ಮರೆಯಾಗುತ್ತಾರೆ. ಅವಳು ದೊಡ್ಡವಳಾದ ಮೇಲೆ ಈ ಹೆಸರು ಎಲ್ಲಿಂದ ಬಂತೆಂದು ಯಾರೂ ಕೇಳುವುದಿಲ್ಲ, ಅವಳಿಗೆ ಹೇಳಲು ಕಥೆಯೂ ಇರುವುದಿಲ್ಲ. ಸುನಿಲ್ ಗಾವಸ್ಕರ್ ಮಗನಿಗೆ ರೋಹನ್ ಜೈವಿಶ್ವ ಎಂದು ಹೆಸರಿಟ್ಟರು. ರೋಹನ್ ಕನ್ಹಾಯ್, ಜೈಸಿಂಹ, ವಿಶ್ವನಾಥ್ ಮೂವರು ಕ್ರಿಕೆಟಿಗರೂ ಅದರಲ್ಲಿದ್ದಾರೆ. ಮೆಚ್ಚಿದವರ ಹೆಸರು ಹಾಗೆ ಗಂಡು ಮಕ್ಕಳಿಗೆ ರಾಜಾರೋಷವಾಗಿ ಹೋಗುತ್ತದೆ. ಹೆಣ್ಣು ಮಕ್ಕಳಿಗೆ ಮಾತ್ರ ಯಾಕೆ ಹಿಂಬಾಗಿಲಿನಿಂದ?

ಕ್ರಿಕೆಟಿಗರ ಹೆಸರೇ ಬೇಕಿದ್ದರೆ ಶಾಂತಾ ಎಂದಿಡಬಹುದಿತ್ತಲ್ಲ ಎಂದು ಗೆಳತಿಯೊಬ್ಬಳು ಕೇಳಿದಳು. ತೂಕದ ಪ್ರಶ್ನೆ. ಶಾಂತಾ ರಂಗಸ್ವಾಮಿ ನಮ್ಮ ಊರಿನವರೇ. 1976ರಲ್ಲಿ ಭಾರತದ ಮಹಿಳಾ ತಂಡ ಮೊದಲ ಟೆಸ್ಟ್ ಆಡಿದ್ದು ಬೆಂಗಳೂರಿನಲ್ಲಿ, ನಾಯಕಿ ಅವರೇ. ಅವರ ಬಗ್ಗೆ ನನಗಿರುವ ಗೌರವ ಸಣ್ಣದಲ್ಲ. ಆದರೆ ಹೆಸರನ್ನು ಗೌರವದಿಂದಷ್ಟೇ ಆರಿಸುವುದಿಲ್ಲ, ಬಾಲ್ಯದಿಂದ ಕಿವಿಯಲ್ಲಿ ಉಳಿದದ್ದು ನಾಲಿಗೆಗೆ ಬರುತ್ತದೆ. ಹೆಣ್ಣು ಮಗುವಿಗೆ ಹೆಣ್ಣನ್ನೇ ಮಾದರಿಯಾಗಿ ಕೊಡಬೇಕು ಎಂಬುದೂ ಒಂದು ಬೇಲಿಯೇ.

ಹೆಚ್ಚು ನೋವಾದದ್ದು ಇನ್ನೊಂದು ಪ್ರಶ್ನೆಯಿಂದ. ‘ಗಂಡು ಮಗು ಬೇಕಿತ್ತಾ?’ ನಾಮಕರಣಕ್ಕೆ ಬಂದವರು, ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಸಿಕ್ಕವರು, ಲಸಿಕೆ ಹಾಕಿಸಲು ಹೋದಾಗ ಪಕ್ಕದ ಕುರ್ಚಿಯಲ್ಲಿ ಕುಳಿತವರು, ಎಲ್ಲರೂ ದನಿ ತಗ್ಗಿಸಿ ಕನಿಕರದಿಂದ ಕೇಳಿದರು. ಗಂಡು ಹುಟ್ಟಲೆಂದು ಹೆಣ್ಣಿಗೆ ಗಂಡು ಹೆಸರಿಡುವ ಮನೆಗಳಿರುವುದರಿಂದ ಈ ಅನುಮಾನ ಬರುವುದು ಸಹಜ. ಆದರೂ ಆ ಕನಿಕರ ಮಗುವಿನ ಮುಂದೆಯೇ ಸುರಿಯುವಾಗ ನನಗೆ ತಡೆಯುತ್ತಿರಲಿಲ್ಲ. ಸುತ್ತಿ ಬಳಸದೆ ಉತ್ತರ ಕೊಡುವುದನ್ನು ರೂಢಿಸಿಕೊಂಡೆ: ‘ನಮಗೆ ಹೆಣ್ಣು ಮಗುವೇ ಬೇಕಿತ್ತು. ನಾವು ತುಂಬಾ ಮೆಚ್ಚುವವರೊಬ್ಬರ ಹೆಸರು ಇವಳಿಗೆ ಇಟ್ಟಿದ್ದೇವೆ.’ ಅವಳಿಗೆ ಕೇಳಿಸುವಂತೆಯೇ ಹೇಳುತ್ತೇನೆ.

ಇದರಲ್ಲಿ ನನಗೆ ಅರ್ಥವಾಗದ ವಿಷಯವೊಂದಿದೆ. ಹೆಸರಿಗೆ ಹುಬ್ಬು ಗಂಟಿಕ್ಕಿದ ಹಿರಿಯರೇ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ‘ಬಾರೋ ನನ್ನ ರಾಜಾ’, ‘ಏನಪ್ಪಾ ಬೇಕು’, ‘ಅಳಬೇಡ್ವೋ ಪುಟ್ಟಣ್ಣ’ ಎನ್ನುತ್ತಾರೆ. ಕನ್ನಡದ ಮನೆಗಳಲ್ಲಿ ಹೆಣ್ಣು ಮಕ್ಕಳನ್ನು ಮುದ್ದಿಸುವಾಗ ‘ಬಾರೇ’ ಹೋಗಿ ‘ಬಾರೋ’ ಬರುವುದು ತಲೆತಲಾಂತರದಿಂದ ನಡೆದುಬಂದಿದೆ. ಮುದ್ದಿನಲ್ಲಿ ಇರದ ಗಂಡು ಹೆಣ್ಣಿನ ಲೆಕ್ಕ ಅರ್ಜಿ ತುಂಬುವಾಗ ಎಲ್ಲಿಂದ ಬರುತ್ತದೆ?

ಶಾಸ್ತ್ರದ ಕಡೆಯಿಂದ ಕಷ್ಟವಾಗುತ್ತದೆಂದು ಭಾವಿಸಿದ್ದೆವು, ಆಗಲಿಲ್ಲ. ಮಗುವಿನದು ಹಸ್ತ ನಕ್ಷತ್ರ. ಅದರ ಅಕ್ಷರಗಳು ಪೂ, ಷ, ಣ, ಠ. ಇವಳದು ಮೂರನೆಯ ಪಾದ, ಅಂದರೆ ಣ. ಣಕಾರದಿಂದ ಆರಂಭವಾಗುವ ಹೆಸರನ್ನು ಯಾರು ತಾನೇ ತರುತ್ತಾರೆ! ಪುರೋಹಿತರು ಸಮಾಧಾನದಿಂದ ವಿವರಿಸಿದರು. ನಾಮಕರಣದಲ್ಲಿ ಕುಲದೇವತೆಯ ಹೆಸರು, ಮಾಸದ ಹೆಸರು, ನಕ್ಷತ್ರದ ಹೆಸರು, ವ್ಯಾವಹಾರಿಕ ಹೆಸರು ಎಂದು ನಾಲ್ಕಿರುತ್ತವೆ, ಕೊನೆಯದು ತಂದೆತಾಯಿಯರ ಇಷ್ಟ ಎಂದರು. ಸೋದರಮಾವ ಮಾತ್ರ ಬಿಡಲಿಲ್ಲ. ಹೆಣ್ಣಿನ ಹೆಸರಿನಲ್ಲಿ ಅಕ್ಷರಗಳು ಬೆಸಸಂಖ್ಯೆಯಲ್ಲಿರಬೇಕು ಎಂದು ಗೃಹ್ಯಸೂತ್ರಗಳನ್ನು ಎತ್ತಿದರು. ನಿಯಮ ಇರುವುದು ನಿಜ. ಹಾಗಾದರೆ ಸೀತಾ, ರಾಧಾ, ಗಂಗಾ, ಗೌರಿ, ಉಮಾ ಎಲ್ಲರದೂ ಎರಡೇ ಅಕ್ಷರವಲ್ಲವೇ ಎಂದು ಅಮ್ಮ ಅಡುಗೆಮನೆಯಿಂದಲೇ ಕೇಳಿದರು. ಆ ಚರ್ಚೆ ಅಲ್ಲಿಗೆ ಮುಗಿಯಿತು. ಬೆಳ್ಳಿ ತಟ್ಟೆಯ ಅಕ್ಕಿಯ ಮೇಲೆ ನನ್ನ ಗಂಡ ಉಂಗುರದಿಂದ ‘ವಿಶಿ’ ಎಂದು ಬರೆದರು. ಶಕಾರದ ಸೀಳಿನಲ್ಲಿ ಅಕ್ಕಿ ಮತ್ತೆ ಮತ್ತೆ ಜಾರಿ ತುಂಬಿಕೊಳ್ಳುತ್ತಿತ್ತು, ಬಿಡದೆ ತಿದ್ದಿದರು.

ಅಜ್ಜಿಯ ಆಕ್ಷೇಪವೊಂದನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಅವಸರದಲ್ಲಿ ಕರೆದರೆ ವಿಷದಂತೆ ಕೇಳುತ್ತದೆ ಎಂದಿದ್ದರು. ಅದಕ್ಕಾಗಿ ಕೆಲವು ದಿನ ಜೋರಾಗಿ, ಮೆಲ್ಲಗೆ, ಕೋಣೆಯಿಂದ ಕೋಣೆಗೆ ಕರೆದು ನೋಡಿದೆವು. ಕೊನೆಯ ಇಕಾರ ಗಟ್ಟಿಯಾಗಿ ನಿಂತರೆ ಗೊಂದಲವಿಲ್ಲ. ಯಾವ ಹೆಸರನ್ನಾದರೂ ಹೀಗೆ ಬಾಯಿಬಿಟ್ಟು ಕರೆದು ನೋಡದೆ ಇಡಬಾರದು ಎಂಬುದು ನನ್ನ ಅಭಿಪ್ರಾಯ.

ಕಾಗದಪತ್ರದ ಕೆಲಸ ಸುಲಭ. ಜನನವನ್ನು 21 ದಿನಗಳೊಳಗೆ ನೋಂದಾಯಿಸಬೇಕು, ಹೆಸರನ್ನು ಆಗಲೇ ಕೊಡಬೇಕೆಂದಿಲ್ಲ. 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು, ಆಮೇಲೆ ತಡದ ಶುಲ್ಕ ಕಟ್ಟಿ 15 ವರ್ಷದವರೆಗೆ ಸೇರಿಸಬಹುದು. ಮನೆಯಲ್ಲಿ ಮಾತುಕತೆ ಮುಗಿಯದಿದ್ದರೆ ಈ ಸಮಯವನ್ನು ಬಳಸಿಕೊಳ್ಳಿ, ಒತ್ತಡಕ್ಕೆ ಮಣಿದು ಬೇಡದ ಹೆಸರು ಬರೆಸಬೇಡಿ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್ ಎಲ್ಲಕ್ಕೂ ಜನನ ಪ್ರಮಾಣಪತ್ರವೇ ಮೂಲ ದಾಖಲೆ, ಆದ್ದರಿಂದ ಕಾಗುಣಿತ ಮೊದಲೇ ತೀರ್ಮಾನವಾಗಲಿ. ಇಂಗ್ಲಿಷಿನಲ್ಲಿ ನಾವು ಕೊನೆಗೆ ವೈ ಅಕ್ಷರ ಇಟ್ಟೆವು, ವಿಶ್ವನಾಥರದನ್ನು ಹಾಗೆಯೇ ಬರೆಯುತ್ತಾರೆ. ಲಿಂಗದ ಕಾಲಮ್ಮನ್ನು ಮಾತ್ರ ಪ್ರತಿ ಬಾರಿಯೂ ಕಣ್ಣಿಟ್ಟು ನೋಡಬೇಕು. ಹೆಸರು ನೋಡಿ ಒಂದು ಕಡೆ ‘ಗಂಡು’ ಎಂದು ತುಂಬಿದ್ದರು, ಅಲ್ಲೇ ನಿಂತು ಸರಿಪಡಿಸಿಕೊಂಡು ಬಂದೆವು.

ಅತ್ತೆ ಈಗಲೂ ಅವಳನ್ನು ವಿಶಾಲಾಕ್ಷಿ ಎಂದೇ ಕರೆಯುತ್ತಾರೆ. ನಾನು ತಡೆದಿಲ್ಲ, ಅವರ ಪ್ರೀತಿ ಅವರದು. ಮಗಳು ಎರಡಕ್ಕೂ ಓಗೊಡುತ್ತಾಳೆ. ಆದರೆ ಶಾಲೆಯಲ್ಲಿ ಪೂರ್ತಿ ಹೆಸರೇನೆಂದು ಕೇಳಿದರೆ ‘ವಿಶಿ, ಅಷ್ಟೇ’ ಎನ್ನುತ್ತಾಳೆ.