ನಿಮ್ಮ ಹಾಡಿನ ರಾಯಲ್ಟಿ ಕೈಗೆ ಬರಬೇಕಾದರೆ

ಹಾಡು ಆ್ಯಪ್‌ಗಳಲ್ಲಿ ಓಡುತ್ತಿದೆ, ದುಡ್ಡು ಮಾತ್ರ ಅಷ್ಟಕ್ಕಷ್ಟೇ. ಹೊಸ ಸಂಗೀತಗಾರರಲ್ಲಿ ಹಲವರ ಗೋಳು ಇದು. ಒಂದು ಹಾಡಿನಲ್ಲಿ ಎರಡು ಆಸ್ತಿ ಇದೆ ಅನ್ನೋದನ್ನು ಮೊದಲು ತಿಳಿದುಕೊಳ್ಳಿ. ಸಾಹಿತ್ಯ ಮತ್ತು ರಾಗಸಂಯೋಜನೆ ಒಂದು, ರೆಕಾರ್ಡಿಂಗ್ ಇನ್ನೊಂದು. ಇವೆರಡರ ಹಣ ಬರುವ ದಾರಿ ಬೇರೆ ಬೇರೆ.

ಹಾಡು ಬಿಡುಗಡೆಗೆ ಮುಂಚೆ ಬರೆದವರು, ರಾಗ ಹಾಕಿದವರು, ಖರ್ಚು ಮಾಡಿದವರು ಕೂತು ಯಾರ ಪಾಲು ಎಷ್ಟು ಅಂತ ಬರೆದು ಸಹಿ ಹಾಕಿ. ಸ್ನೇಹಿತರಾದರಂತೂ ಬರೆಯಲೇಬೇಕು! ಪುರಂದರದಾಸರ ಪದಕ್ಕೆ ಯಾರ ಅನುಮತಿಯೂ ಬೇಡ. ಆದರೆ ಕವಿ ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ಬೇಂದ್ರೆ ತೀರಿಕೊಂಡದ್ದು 1981ರಲ್ಲಿ. ಅವರ ಕವಿತೆಗೆ ರಾಗ ಹಾಕಿದರೆ, 2041 ಮುಗಿಯುವವರೆಗೂ ಹಕ್ಕುದಾರರನ್ನು ಕೇಳಲೇಬೇಕು.

ಆಮೇಲೆ ಡಿಸ್ಟ್ರಿಬ್ಯೂಟರ್, ಅಂದರೆ ಹಾಡನ್ನು ಆ್ಯಪ್‌ಗಳಿಗೆ ತಲುಪಿಸುವ ಕಂಪನಿಯ ಮೂಲಕ ಹಾಡು ಹಾಕಿ. ಪ್ರತಿ ರೆಕಾರ್ಡಿಂಗ್‌ಗೆ ಐಎಸ್‌ಆರ್‌ಸಿ ಅನ್ನುವ 12 ಅಕ್ಷರ-ಅಂಕಿಗಳ ಗುರುತು ಸಿಗುತ್ತದೆ, ಬರೆದಿಟ್ಟುಕೊಳ್ಳಿ. ಇಲ್ಲಿಂದ ಬರುವುದು ರೆಕಾರ್ಡಿಂಗ್ ಹಣ. ಸ್ಪಾಟಿಫೈನಲ್ಲಿ 2024ರಿಂದ, ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳದ ಹಾಡಿಗೆ ಈ ಹಣವೂ ಇಲ್ಲ. ಸಣ್ಣವರ ಮೇಲೇ ಬರೆ, ಅಲ್ವಾ?

ಜಾಸ್ತಿ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಸಾಹಿತ್ಯ ಮತ್ತು ರಾಗಸಂಯೋಜನೆಯ ಹಣವನ್ನು ನಮ್ಮಲ್ಲಿ ಸಂಗ್ರಹಿಸುವುದು ಐಪಿಆರ್‌ಎಸ್. 1969ರಲ್ಲಿ ಶುರುವಾದ ಸೊಸೈಟಿ ಇದು. ಸದಸ್ಯರಾಗಿ, ಒಂದೊಂದು ಹಾಡನ್ನೂ ಪಾಲಿನ ಸಮೇತ ನೋಂದಾಯಿಸಿ. ಹೆಸರಿನ ಕಾಗುಣಿತ ಎಲ್ಲ ಕಡೆ ಒಂದೇ ಇರಲಿ. ಹಾಡುಗಾರರಿಗೆ ಇಸಾಮ್ರ ಎಂಬ ಬೇರೆ ಸೊಸೈಟಿ ಇದೆ.

ಇನ್ನು ಆಡಿಯೊ ಕಂಪನಿಯ ಅಥವಾ ಸಿನಿಮಾದ ಒಪ್ಪಂದ. ಇಲ್ಲೇ ಜಾಸ್ತಿ ಹುಷಾರಾಗಿರಬೇಕು. 'ಒಂದೇ ಕಂತಿನಲ್ಲಿ ಪೂರ್ತಿ ಹಣ, ಮುಂದೆ ರಾಯಲ್ಟಿ ಕೇಳುವಂತಿಲ್ಲ' ಅಂತ ಬರೆದಿದ್ದರೆ ಹೆದರಬೇಡಿ. ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಗೆ ಆದ 2012ರ ತಿದ್ದುಪಡಿಯ ಪ್ರಕಾರ ಸಾಹಿತಿ ಮತ್ತು ಸಂಯೋಜಕರು ತಮ್ಮ ಸಮಪಾಲಿನ ರಾಯಲ್ಟಿಯನ್ನು ಬಿಟ್ಟುಕೊಡುವಂತೆಯೇ ಇಲ್ಲ. ಬಿಟ್ಟುಕೊಟ್ಟೆ ಅಂತ ಸಹಿ ಹಾಕಿದ್ದರೂ ಆ ಮಾತು ನಿಲ್ಲುವುದಿಲ್ಲ. ಚಿತ್ರಮಂದಿರದಲ್ಲಿ ಸಿನಿಮಾದ ಜೊತೆ ಹಾಡು ಬಂದಾಗ ಮಾತ್ರ ಈ ಪಾಲು ಸಿಗದು. ಸ್ಟ್ರೀಮಿಂಗ್‌ಗೆ ಸಿಗುತ್ತದೆ.

ಕಂಪನಿಗೆ ಹಕ್ಕು ಎಷ್ಟು ಕಾಲಕ್ಕೆ ಅಂತ ಒಪ್ಪಂದದಲ್ಲಿ ಇದೆಯಾ ನೋಡಿ. ಏನೂ ಬರೆದಿಲ್ಲದಿದ್ದರೆ ಕಾನೂನು ಅದನ್ನು 5 ವರ್ಷ ಅಂತ ಹಿಡಿಯುತ್ತದೆ, ಜಾಗ ಬರೆದಿಲ್ಲದಿದ್ದರೆ ಭಾರತ ಮಾತ್ರ. ಅದಕ್ಕೇ ಕಂಪನಿಗಳು 'ಶಾಶ್ವತವಾಗಿ, ಇಡೀ ಜಗತ್ತಿಗೆ' ಅಂತ ಮರೆಯದೆ ಸೇರಿಸುತ್ತವೆ. ಆ ಸಾಲನ್ನು ಬದಲಿಸಿ ಅಂತ ಕೇಳಬೇಕಾದ್ದು ಸಹಿಗೆ ಮೊದಲು.